ಬ್ಯಾಟರಿಯ ಲೆಕ್ಕ, ವ್ರತದ ಲೆಕ್ಕ

ಮೊಬೈಲಿಗೆ ತಂತ್ರಾಂಶ ಬರೆಯುವವರ ಮುಂದೆ ಎರಡು ದಾರಿಗಳಿವೆ. ಫೋನಿನ ಕಾರ್ಯಾಚರಣ ವ್ಯವಸ್ಥೆಗೆ ಹೊಂದುವಂತೆ ನೇರವಾಗಿ ಬರೆದು ಬಳಸುವವರ ಫೋನಿನಲ್ಲೇ ಇನ್‌ಸ್ಟಾಲ್ ಮಾಡಿಸುವುದು ಒಂದು ದಾರಿ. ಇದು ನೇಟಿವ್ ಆ್ಯಪ್. ಎಲ್ಲ ಫೋನಿಗೂ ಒಂದೇ ಜಾಲಪುಟ ಬರೆದು ಬ್ರೌಸರಿನಲ್ಲಿ ಓಡಿಸುವುದು ಇನ್ನೊಂದು. ಇದು ವೆಬ್ ಆ್ಯಪ್. ಹೊರಗೆ ಆ್ಯಪಿನ ಹೊದಿಕೆ, ಒಳಗೆ ಜಾಲಪುಟ ಎಂಬ ಬೆರಕೆ ತಳಿಯೂ ಉಂಟು. ಇವುಗಳಲ್ಲಿ ಯಾವುದು ಚುರುಕು, ಯಾವುದು ಕಡಿಮೆ ವಿದ್ಯುತ್ತು ತಿನ್ನುತ್ತದೆ ಎಂಬುದು ಎಂಜಿನಿಯರುಗಳ ಪ್ರಶ್ನೆ. ಅದರ ಬೆನ್ನಿಗೇ ಧರ್ಮಶಾಸ್ತ್ರಗಳು ಬಹಳ ಹಿಂದೆಯೇ ಕೈಹಾಕಿದ ಪ್ರಶ್ನೆಯೊಂದಿದೆ. ಫಲವಿಲ್ಲದ ಕೆಲಸವನ್ನು ಮಾಡುವುದು, ಅದರಲ್ಲೂ ಪರರ ಖರ್ಚಿನಲ್ಲಿ ಮಾಡಿಸುವುದು, ಬರೀ ಅಚ್ಚುಕಟ್ಟಿಲ್ಲದ ಕೆಲಸವೋ ಅಥವಾ ದೋಷವೋ?

ಚನ್ನಗಿರಿ ತಾಲೂಕಿನ ಕತ್ತಲಗೆರೆ ಭದ್ರಾ ಅಚ್ಚುಕಟ್ಟಿನ ಊರು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇಲ್ಲಿದೆ. ಇಂಥ ಊರಿನ ರೈತರಿಗೆ ಎರಡೂ ಬಗೆಯ ತಂತ್ರಾಂಶದ ಜೊತೆ ವ್ಯವಹಾರವಿದೆ. ಪಹಣಿ ನೋಡುವುದು ಜಾಲಪುಟದಲ್ಲಿ. ಭೂಮಿ ಯೋಜನೆಯಲ್ಲಿ 2000ದ ದಶಕದ ಆರಂಭದಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಇಂದು ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಆರಿಸಿದರೆ ಯಾವ ಫೋನಿನ ಬ್ರೌಸರಿನಲ್ಲಾದರೂ ವಿವರ ತೆರೆದುಕೊಳ್ಳುತ್ತದೆ. ಬೆಳೆ ಸಮೀಕ್ಷೆ ಮಾತ್ರ ಆ್ಯಪಿನಲ್ಲಿ. 2020ರ ಮುಂಗಾರಿನಲ್ಲಿ ರೈತರು ತಮ್ಮ ಹೊಲದ ಬೆಳೆಯನ್ನು ತಾವೇ ದಾಖಲಿಸುವ ಏರ್ಪಾಟು ಬಂತು. ಆ್ಯಪಿನಲ್ಲಿ ಸರ್ವೆ ನಂಬರು ಮತ್ತು ಹಿಸ್ಸಾ ಆರಿಸಿ, ಹೊಲದೊಳಗೆ ನಿಂತು, ಜಿಪಿಎಸ್ ಜಾಗ ಹಿಡಿಯುವವರೆಗೆ ಕಾದು, ಬೆಳೆಯ ಹೆಸರು ತುಂಬಿ ಫೋಟೊ ತೆಗೆಯಬೇಕು. ಬೆಂಬಲ ಬೆಲೆಯ ಖರೀದಿ, ಬೆಳೆ ವಿಮೆ, ಬೆಳೆ ನಷ್ಟದ ಪರಿಹಾರ ಎಲ್ಲಕ್ಕೂ ಈ ದಾಖಲೆಯೇ ಆಧಾರವಾದ್ದರಿಂದ ಇದು ಬಿಟ್ಟರೂ ನಡೆಯುವ ಕೆಲಸವಲ್ಲ.

ಈ ಎರಡು ಕೆಲಸಗಳಲ್ಲಿ ಫೋನಿನೊಳಗೆ ನಡೆಯುವುದು ತೀರ ಬೇರೆ ಬೇರೆ. ನೇಟಿವ್ ಆ್ಯಪಿನ ಪರದೆಗಳು, ಗುಂಡಿಗಳು, ಅಕ್ಷರ ಎಲ್ಲ ಮೊದಲೇ ಫೋನಿನಲ್ಲಿರುತ್ತವೆ. 2014ರಲ್ಲಿ ಬಂದ ಆಂಡ್ರಾಯ್ಡ್ 5.0ರಿಂದೀಚೆಗೆ ಆ್ಯಪಿನ ಸಂಕೇತವನ್ನು ಓಡಿಸುವ ಮೊದಲೇ ಯಂತ್ರಭಾಷೆಗೆ ಇಳಿಸಿಟ್ಟುಕೊಳ್ಳುವ ಏರ್ಪಾಟೂ ಇದೆ. ಜಾಲದಿಂದ ತರಬೇಕಾದದ್ದು ಮಾಹಿತಿಯನ್ನು ಮಾತ್ರ. ಜಾಲಪುಟ ಹಾಗಲ್ಲ. ಮೊದಲು ಪುಟದ ಚೌಕಟ್ಟು ಬರಬೇಕು, ಆಮೇಲೆ ಶೈಲಿಯ ಕಡತ, ಆಮೇಲೆ ಜಾವಾಸ್ಕ್ರಿಪ್ಟ್. ಬಂದದ್ದನ್ನು ಬ್ರೌಸರು ಓದಿ, ಅರ್ಥಮಾಡಿಕೊಂಡು, ಯಂತ್ರಭಾಷೆಗೆ ತಿರುಗಿಸಿ, ಪ್ರತಿ ಸಾಲು ಎಲ್ಲಿ ಕೂರಬೇಕೆಂದು ಲೆಕ್ಕಹಾಕಿ, ಕೊನೆಗೆ ಬಣ್ಣ ತುಂಬಬೇಕು. ಪರದೆ ಸೆಕೆಂಡಿಗೆ 60 ಸಲ ಹೊಸದಾಗಬೇಕಿದ್ದರೆ ಒಂದೊಂದು ಚಿತ್ರಕ್ಕೂ ಸಿಗುವ ಸಮಯ 16.7 ಮಿಲಿಸೆಕೆಂಡು ಮಾತ್ರ. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಬೆರಳು ಮುಂದೆ ಹೋಗಿ ಪುಟ ಹಿಂದೆ ಉಳಿಯುತ್ತದೆ. ಹಳೆಯ ಫೋನಿನಲ್ಲಿ ಪಹಣಿ ತೆರೆದವರಿಗೆ ಈ ಎಳೆದಾಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದ ಪುಟಕ್ಕೆ ಇನ್ನೊಂದು ಹೊರೆಯಿದೆ. ಫೋನಿನಲ್ಲೇ ಕನ್ನಡ ಫಾಂಟ್ ಇದ್ದರೂ ಎಷ್ಟೋ ಜಾಲಪುಟಗಳು ಅಂದಕ್ಕಾಗಿ ತಮ್ಮದೇ ಫಾಂಟನ್ನು ಜೊತೆಗೆ ಕಳಿಸುತ್ತವೆ. ಒಂದು ವಚನದ ಪಠ್ಯ ಒಂದೆರಡು ಕೆಬಿ ಆದೀತು. ಇಂದಿನ ಸಾಮಾನ್ಯ ಜಾಲಪುಟದ ತೂಕ ಎರಡು ಎಂಬಿಗೂ ಹೆಚ್ಚು. ಓದಬೇಕಾದದ್ದರ ಸಾವಿರ ಪಟ್ಟು ಸರಂಜಾಮು ಅದರ ಜೊತೆ ಪ್ರಯಾಣ ಮಾಡುತ್ತದೆ. ಸಿರಿಗೆರೆಯ ತರಳಬಾಳು ಬೃಹನ್ಮಠ ವಚನಗಳನ್ನು ಜಾಲತಾಣ, ಆ್ಯಪ್ ಎರಡರಲ್ಲೂ ಒದಗಿಸಿದೆ. ಹಾಗಾಗಿ ಚನ್ನಗಿರಿ, ಹೊನ್ನಾಳಿ, ಜಗಳೂರು ಸೀಮೆಯ ಮಠದ ಭಕ್ತರಿಗೆ ನೇಟಿವ್–ವೆಬ್ ಆಯ್ಕೆ ಹೊಲಮನೆಯ ಕಾಗದಪತ್ರಕ್ಕೆ ಮಾತ್ರ ಸಂಬಂಧಪಟ್ಟದ್ದಲ್ಲ.

ವಿದ್ಯುತ್ತು ಎಲ್ಲಿ ಖರ್ಚಾಗುತ್ತದೆ ಎಂಬುದನ್ನೂ ನೋಡಬೇಕು. ಫೋನಿನಲ್ಲಿ ದೊಡ್ಡ ತಿನಿಸುಬಾಕರು ಮೂವರು: ಪರದೆ, ಪ್ರೊಸೆಸರ್, ರೇಡಿಯೊ. ರೇಡಿಯೊದ ನಡತೆ ವಿಚಿತ್ರ. ನಾಲ್ಕು ಕೆಬಿ ತರಲು ಎಚ್ಚರಾದರೂ ಅದು ಕೂಡಲೇ ಮಲಗುವುದಿಲ್ಲ. ಇನ್ನೇನಾದರೂ ಬಂದೀತೆಂದು 4ಜಿ ಜಾಲದಲ್ಲಿ ಹತ್ತು ಸೆಕೆಂಡಿನಷ್ಟು ಕಾಲ ಶಕ್ತಿ ಸುಡುತ್ತ ಕಾಯುತ್ತದೆ. ಆದ್ದರಿಂದ ಬಿಟ್ಟು ಬಿಟ್ಟು ಚೂರುಚೂರಾಗಿ ತರಿಸಿಕೊಳ್ಳುವ ಪುಟ ಒಟ್ಟಿಗೆ ತರುವ ಆ್ಯಪಿಗಿಂತ ದುಬಾರಿ. ಸಿಗ್ನಲ್ ಕ್ಷೀಣವಿದ್ದಲ್ಲಿ ರೇಡಿಯೊ ಇನ್ನೂ ಜೋರಾಗಿ ಕೂಗಬೇಕಾಗುತ್ತದೆ. ಪ್ರೊಸೆಸರ್ ವಿಷಯಕ್ಕೆ ಬಂದರೆ, 2017ರಲ್ಲಿ ಪೋರ್ಚುಗಲ್ಲಿನ ಸಂಶೋಧಕರು 27 ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದೇ ಲೆಕ್ಕಗಳನ್ನು ಮಾಡಿಸಿ ಅಳೆದ ಫಲಿತಾಂಶ ಹೆಸರುವಾಸಿ: ಸಿ ಭಾಷೆಯ ಖರ್ಚನ್ನು 1 ಎಂದಿಟ್ಟುಕೊಂಡರೆ ಜಾವಾದ್ದು 1.98, ಜಾವಾಸ್ಕ್ರಿಪ್ಟಿನದ್ದು 4.45. ಅದು ಮೇಜಿನ ಕಂಪ್ಯೂಟರಿನಲ್ಲಿ ಮಾಡಿದ ಅಳತೆ, ಅದೂ ಶುದ್ಧ ಲೆಕ್ಕಾಚಾರದ್ದು. ಅರ್ಧ ಹೊತ್ತು ಬಳಕೆದಾರರ ಬೆರಳಿಗಾಗಿ ಕಾಯುತ್ತ ಕೂರುವ ಆ್ಯಪಿಗೆ ಅದನ್ನು ನೇರವಾಗಿ ಹಚ್ಚುವಂತಿಲ್ಲ. ಇದಕ್ಕಿಂತ ಹೆಚ್ಚು ಪಾಠ ಹೇಳುವಂಥದ್ದು 2012ರ ಒಂದು ಪ್ರಯೋಗ. ಮೊಬೈಲ್ ವಿಕಿಪೀಡಿಯದ ಸ್ಕ್ರಿಪ್ಟುಗಳನ್ನು ತಿದ್ದಿದ್ದರಿಂದಲೇ, ಓದುಗರಿಗೆ ಯಾವ ವ್ಯತ್ಯಾಸವೂ ಕಾಣದಂತೆ, ಪುಟ ತರಿಸಿ ತೋರಿಸುವ ಖರ್ಚು ಶೇ 30ರಷ್ಟು ಇಳಿಯಿತು. ಅಂದರೆ ವೆಬ್ ಎಂಬ ಕಾರಣಕ್ಕೇ ಎಲ್ಲವೂ ದುಂದು ಎನ್ನಲಾಗದು. ದುಂದಿನ ಬಹುಪಾಲು ಅಸಡ್ಡೆಯಿಂದ ಬಂದದ್ದು.

ಇಷ್ಟಾಗಿಯೂ ಒಟ್ಟು ಮೊತ್ತ ಎಷ್ಟು? 5,000 ಎಂಎಎಚ್ ಬ್ಯಾಟರಿ ತುಂಬಿದರೆ ಹಿಡಿಯುವುದು ಸುಮಾರು 19 ವ್ಯಾಟ್-ಅವರ್. ಐದು ಎಚ್‌ಪಿ ಪಂಪ್‌ಸೆಟ್ಟು ಒಂದು ತಾಸು ಓಡಿದರೆ 3.7 ಯೂನಿಟ್. ಚಾರ್ಜರಿನ ನಷ್ಟವನ್ನು ಬದಿಗಿಟ್ಟರೆ, ಆ ಒಂದು ತಾಸಿನ ಕರೆಂಟಿನಲ್ಲಿ 190ಕ್ಕೂ ಹೆಚ್ಚು ಫೋನುಗಳು ಪೂರ್ತಿ ಚಾರ್ಜ್ ಆಗುತ್ತವೆ. ಇನ್ನೊಂದು ಲೆಕ್ಕ: 10 ಲಕ್ಷ ಜನ ದಿನಕ್ಕೊಮ್ಮೆ ತೆರೆಯುವ ಪುಟವೊಂದು ಬೇಡದ ಕೆಲಸಕ್ಕೆ ಒಂದು ಸೆಕೆಂಡು ಪ್ರೊಸೆಸರ್ ಓಡಿಸುತ್ತದೆ, ಆ ಸೆಕೆಂಡಿಗೆ ಎರಡು ವ್ಯಾಟ್ ಎಂದಿಟ್ಟುಕೊಂಡರೆ ದಿನದ ನಷ್ಟ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ಪಂಪು ಒಂಬತ್ತು ನಿಮಿಷ ಓಡಿದಷ್ಟು. ಅದೇ ಒಂದು ಸೆಕೆಂಡನ್ನು ಜನರ ಆಯುಷ್ಯದಲ್ಲಿ ಎಣಿಸಿದರೆ ಚಿತ್ರ ಬದಲಾಗುತ್ತದೆ. ದಿನಕ್ಕೆ 277 ಗಂಟೆ, ವರ್ಷಕ್ಕೆ ಹನ್ನೊಂದೂವರೆ ವರ್ಷ.

ಕಡಿಮೆ ವಿದ್ಯುತ್ತು ತಿನ್ನುವ ಹಸಿರು ತಂತ್ರಾಂಶದ ಪರ ವಾದಿಸುವವರು ಯೂನಿಟ್ಟಿನ ಈ ಲೆಕ್ಕವನ್ನು ಸಾಮಾನ್ಯವಾಗಿ ಮುಂದೆ ತರುವುದಿಲ್ಲ. ತರಬೇಕು, ಏಕೆಂದರೆ ಒಂದು ಆ್ಯಪಿನ ದೋಷವನ್ನು ಯೂನಿಟ್ ಲೆಕ್ಕದಲ್ಲಿ ಸಾಬೀತುಪಡಿಸಲು ಹೊರಟರೆ ವಾದ ಅಲ್ಲೇ ಕುಸಿಯುತ್ತದೆ. ಸೆಕೆಂಡಿನ ಲೆಕ್ಕವೂ ಪೂರ್ತಿ ನೆರವಿಗೆ ಬಾರದು. ಹನ್ನೊಂದೂವರೆ ವರ್ಷ ಕಳೆದುಕೊಂಡ ಮನುಷ್ಯ ಎಲ್ಲೂ ಇಲ್ಲ, ಒಂದೊಂದು ಸೆಕೆಂಡು ಕಳೆದುಕೊಂಡವರು ಮಾತ್ರ ಇದ್ದಾರೆ, ಅವರಿಗದು ಗೊತ್ತೂ ಆಗಿಲ್ಲ. ಇಂಗ್ಲಿಷ್ ತತ್ತ್ವಜ್ಞ ಡೆರೆಕ್ ಪಾರ್ಫಿಟ್ 1984ರ ತನ್ನ ಗ್ರಂಥದಲ್ಲಿ ಇದೇ ತೊಡಕನ್ನು ಎತ್ತಿಕೊಂಡ. ಯಾರಿಗೂ ಅರಿವಾಗದಷ್ಟು ಸಣ್ಣ ಹಾನಿಯನ್ನು ಬಹಳ ಜನಕ್ಕೆ ಹಂಚಿದರೆ ಅದು ಹಾನಿಯೇ ಅಲ್ಲ ಎಂದುಕೊಳ್ಳುವುದು ನೈತಿಕ ಗಣಿತದ ತಪ್ಪು ಎಂದು ಅವನ ನಿಲುವು. ಆದರೆ ಹಾನಿಯನ್ನು ಕೂಡಿಸಿಯೇ ದೋಷವನ್ನು ಅಳೆಯಬೇಕೆಂಬ ಪಟ್ಟು ಅವನಲ್ಲೂ ಉಳಿಯಿತು. ಕನ್ನಡ ನಾಡಿನ ಎರಡು ಪರಂಪರೆಗಳು ಬೇರೆ ಕಡೆಯಿಂದ ಹೊರಡುತ್ತವೆ.

ಒಂದು ಶರಣರದ್ದು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತಿರುವುದೇ: ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವ ದಂಪತಿ, ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಅಲ್ಲೇ ಚೆಲ್ಲಿ ಬರುವಂತೆ ಕಳಿಸಿದಳು. ಈ ಕಥೆಯಲ್ಲಿ ಗಮನಿಸಬೇಕಾದದ್ದು, ಆ ಹೆಚ್ಚಿನ ಅಕ್ಕಿಯಿಂದ ಯಾರಿಗೂ ನಷ್ಟವಾಗಿರಲಿಲ್ಲ. ಅದು ನೆಲದ ಮೇಲೆ ಬಿದ್ದ ಅಕ್ಕಿ. ಬಸವಣ್ಣನ ಮನೆಯಲ್ಲಿ ಕೊರತೆ ಕಾಣುವ ಮಾತೇ ಇಲ್ಲ. ಹಾನಿಯ ಲೆಕ್ಕದಲ್ಲಿ ಮಾರಯ್ಯ ನಿರ್ದೋಷಿ. ಲಕ್ಕಮ್ಮನ ಲೆಕ್ಕದಲ್ಲಿ ಅಲ್ಲ. ಅವಳು ಅಳೆದದ್ದು ಇಂದಿನ ಕಾಯಕಕ್ಕೆ ಎಷ್ಟು ಬೇಕು ಎಂಬುದನ್ನು. ಪಹಣಿಯ ನಾಲ್ಕು ಸಾಲು ತೋರಿಸಲು ಪ್ರೊಸೆಸರ್, ರೇಡಿಯೊ, ಮೆಮೊರಿ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಎಳೆದುಕೊಳ್ಳುವ ಪುಟದ ಬಗ್ಗೆ ಅವಳ ತೀರ್ಪು ಏನಿರಬಹುದೆಂದು ಊಹಿಸುವುದು ಕಷ್ಟವಲ್ಲ. ಬ್ಯಾಟರಿಯಲ್ಲಿ ಇನ್ನೂ ಚಾರ್ಜ್ ಉಂಟಲ್ಲ ಎಂಬ ಸಮಜಾಯಿಷಿ ಅಂಗಳದಲ್ಲಿ ಇನ್ನೂ ಅಕ್ಕಿ ಉಂಟಲ್ಲ ಎಂದಂತೆ.

ಇನ್ನೊಂದು ಜೈನರದ್ದು, ಮತ್ತು ಈ ವಿಷಯದಲ್ಲಿ ಅವರಷ್ಟು ಬಿಡಿಸಿ ವಿಚಾರ ಮಾಡಿದವರು ವಿರಳ. ಗೃಹಸ್ಥ ಶ್ರಾವಕರಿಗೆ ವಿಧಿಸಿದ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿ ಒಂದು. ಪ್ರಯೋಜನವಿಲ್ಲದ ಹಿಂಸೆಯಿಂದ ದೂರವಿರುವುದು ಅದರ ತಿರುಳು. ಗೃಹಸ್ಥರು ಉಳಬೇಕು, ಒಲೆ ಹಚ್ಚಬೇಕು, ನೀರು ಬಳಸಬೇಕು. ಅಷ್ಟು ಹಿಂಸೆ ತಪ್ಪದು, ಅದಕ್ಕೆ ಅರ್ಥವಿದೆ. ಅರ್ಥವಿಲ್ಲದ್ದು ಬೇರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಅನರ್ಥದಂಡವನ್ನು ಐದು ಬಗೆ ಮಾಡಿ ಪ್ರಮಾದಚರ್ಯೆಯನ್ನು ಅವುಗಳಲ್ಲಿ ಎಣಿಸುತ್ತದೆ. ಸುಮ್ಮನೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಾಳಿ ಬೀಸುವುದು, ಗಿಡ ಕೀಳುವುದು ಎಲ್ಲ ಇದರೊಳಗೆ ಬರುತ್ತವೆ. ಪಟ್ಟಿಯಲ್ಲಿ ಬೆಂಕಿ ಇದೆ ಎಂಬುದು ಮುಖ್ಯ. ಒಂದು ಕಡ್ಡಿ ಗೀರಿದರೆ ಎಷ್ಟು ಸೌದೆ ಸುಟ್ಟಿತು ಎಂಬ ಲೆಕ್ಕವನ್ನು ಆಚಾರ್ಯರು ಕೇಳುವುದಿಲ್ಲ. ಕೇಳುವುದು, ಆ ಉರಿಯಿಂದ ಏನಾದರೂ ಆಯಿತೇ ಎಂದು.

ಇಲ್ಲಿ ಒಂದು ಆಕ್ಷೇಪಕ್ಕೆ ಜಾಗವಿದೆ. ಜೈನರಿಗೆ ಅಗ್ನಿ, ಜಲ, ವಾಯುಗಳು ಏಕೇಂದ್ರಿಯ ಜೀವಗಳ ದೇಹ. ಬೆಂಕಿ ಉರಿಸಿದರೆ ಜೀವಹಿಂಸೆ. ಲಿಥಿಯಂ ಬ್ಯಾಟರಿಯ ಅಯಾನುಗಳನ್ನು ಜೀವವೆಂದು ಒಪ್ಪದವರಿಗೆ ಈ ವ್ರತ ಹೇಗೆ ಅನ್ವಯಿಸೀತು? ಒಪ್ಪದಿದ್ದರೂ ವ್ರತದ ರಚನೆ ಉಳಿಯುತ್ತದೆ. ಜೈನ ಗ್ರಂಥ ತತ್ತ್ವಾರ್ಥಸೂತ್ರ ಹಿಂಸೆಯನ್ನು ಲಕ್ಷಣೀಕರಿಸುವಾಗ ಪ್ರಾಣಹಾನಿಗೆ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಕಾರಣವಾಗಿ ಜೋಡಿಸುತ್ತದೆ. ದೋಷದ ಬೇರು ಮಾಡುವವರ ಮನಸ್ಸಿನ ಸ್ಥಿತಿಯಲ್ಲಿದೆ. ವಿಕಿಪೀಡಿಯದ ಆ ಶೇ 30 ಯಾರ ದುರುದ್ದೇಶವೂ ಅಲ್ಲ. ಯಾರೂ ತಿರುಗಿ ನೋಡದೆ ಬಿಟ್ಟದ್ದು.

ಹೀಗೆ ಅಳೆದರೆ ನೇಟಿವ್ ಆ್ಯಪ್ ಸಜ್ಜನ, ವೆಬ್ ದುರ್ಜನ ಎಂಬ ಸುಲಭ ತೀರ್ಮಾನ ನಿಲ್ಲುವುದಿಲ್ಲ. ಅನರ್ಥದಂಡವಿರತಿಗೆ ತತ್ತ್ವಾರ್ಥಸೂತ್ರ ಐದು ಅತಿಚಾರಗಳನ್ನು, ಎಂದರೆ ವ್ರತಕ್ಕೆ ತಗಲುವ ಲೋಪಗಳನ್ನು, ಹೇಳುತ್ತದೆ. ಅವುಗಳಲ್ಲಿ ಅಸಮೀಕ್ಷ್ಯಾಧಿಕರಣ ಎಂದರೆ ಪ್ರಯೋಜನ ವಿಚಾರಿಸದೆ ಮಿತಿಮೀರಿ ಮಾಡುವುದು. ಉಪಭೋಗಪರಿಭೋಗಾನರ್ಥಕ್ಯ ಎಂದರೆ ಬೇಕಾದುದಕ್ಕಿಂತ ಹೆಚ್ಚು ಭೋಗವಸ್ತುಗಳನ್ನು ಕೂಡಿಹಾಕುವುದು. ಉಬ್ಬಿದ ಜಾಲಪುಟದ ದೋಷ ಮೊದಲನೆಯದು. ಎರಡನೆಯದು ನೇಟಿವ್ ಆ್ಯಪಿನದ್ದು. ವರ್ಷಕ್ಕೆ ಎರಡು ಸಲ ಬೇಕಾಗುವ ಕೆಲಸಕ್ಕೂ ಒಂದೊಂದು ಆ್ಯಪ್ ಫೋನಿನಲ್ಲಿ ಮನೆ ಮಾಡಿಕೊಂಡು ಕೂರುತ್ತದೆ, ಜಾಗ ಹಿಡಿಯುತ್ತದೆ, ತಿಂಗಳಿಗೊಮ್ಮೆ ಅಪ್‌ಡೇಟ್ ಬೇಡುತ್ತದೆ, ತೆರೆಯದಿದ್ದರೂ ಹಿನ್ನೆಲೆಯಲ್ಲಿ ಎಚ್ಚರಾಗಿ ಎಲ್ಲಿದ್ದೀರಿ ಎಂದು ವಿಚಾರಿಸುತ್ತದೆ. ಈ ಕಾಟ ಎಷ್ಟು ಬೆಳೆಯಿತೆಂದರೆ, 2015ರ ಆಂಡ್ರಾಯ್ಡ್ 6.0ರಲ್ಲಿ, ಸುಮ್ಮನೆ ಬಿದ್ದಿರುವ ಫೋನಿನಲ್ಲಿ ಆ್ಯಪುಗಳನ್ನು ಬಲವಂತವಾಗಿ ಮಲಗಿಸುವ ವ್ಯವಸ್ಥೆಯನ್ನೇ ಗೂಗಲ್ ತರಬೇಕಾಯಿತು.

ಉದ್ಯಮ ಎರಡೂ ದೋಷಗಳ ನಡುವೆ ತೂಗಾಡಿದೆ. ಐಫೋನ್ 2007ರಲ್ಲಿ ಬಂದಾಗ ಹೊರಗಿನವರಿಗೆ ಜಾಲಪುಟವೇ ಸಾಕು ಎಂದ ಆ್ಯಪಲ್, ಮರುವರ್ಷವೇ ಆ್ಯಪ್ ಸ್ಟೋರ್ ತೆರೆಯಿತು. ಫೇಸ್‌ಬುಕ್ ತನ್ನ ಆ್ಯಪಿನೊಳಗೆ ಜಾಲಪುಟ ತುಂಬಿಸಿ, ನಿಧಾನದ ಬಗ್ಗೆ ಬೈಗುಳ ತಿಂದು, 2012ರಲ್ಲಿ ಐಫೋನಿಗೆ ನೇಟಿವ್ ಆಗಿ ಮತ್ತೆ ಬರೆಯಿತು. ಬೆಂಗಳೂರಿನ ಮಿಂತ್ರಾ 2015ರ ಮೇ ತಿಂಗಳಲ್ಲಿ ತನ್ನ ಜಾಲತಾಣವನ್ನೇ ಮುಚ್ಚಿ ಆ್ಯಪಿಗೆ ಮಾತ್ರ ನಿಂತಿತು, ಮರುವರ್ಷದ ಜೂನಿನಲ್ಲಿ ತಾಣವನ್ನು ತಿರುಗಿ ತೆರೆಯಿತು. ಫ್ಲಿಪ್‌ಕಾರ್ಟ್ ಕೂಡ ಮೊಬೈಲ್ ತಾಣ ಮುಚ್ಚಿ ಎಲ್ಲರನ್ನೂ ಆ್ಯಪಿಗೆ ತಳ್ಳಿ, ಅದೇ 2015ರ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಎಂಬ ಹೊಸ ಮಾದರಿಯ ವೆಬ್ ಆ್ಯಪ್ ತಂದಿತು. ಒಮ್ಮೆ ತಂದ ಚೌಕಟ್ಟನ್ನು ಫೋನಿನಲ್ಲೇ ಉಳಿಸಿಕೊಂಡು, ಮುಂದಿನ ಸಲ ಮಾಹಿತಿಯನ್ನಷ್ಟೇ ತರುವ ಪುಟ ಅದು. ಡೇಟಾ ಖರ್ಚು ಮೂರನೇ ಒಂದಕ್ಕೆ ಇಳಿಯಿತೆಂದು ಆಗ ಪ್ರಕಟವಾಯಿತು. ಎರಡು ಅತಿಚಾರಗಳಿಂದಲೂ ತಕ್ಕಮಟ್ಟಿಗೆ ಪಾರಾಗುವ ದಾರಿ ತಾಂತ್ರಿಕವಾಗಿ ಇದೆ ಎಂಬುದಕ್ಕೆ ಇಷ್ಟು ಸಾಕು.

ವೆಬ್ ಪರವಾಗಿ ಹೇಳಬೇಕಾದ ಇನ್ನೊಂದು ಮಾತು ದಾಸೋಹಕ್ಕೆ ಹತ್ತಿರದ್ದು. ಒಂದೇ ಪುಟ ಹತ್ತು ವರ್ಷದ ಹಳೆಯ ಫೋನಿಗೂ ಇಂದು ಕೊಂಡ ಫೋನಿಗೂ ತಲುಪುತ್ತದೆ. ಯಾವ ಆ್ಯಪ್ ಸ್ಟೋರಿನ ಅನುಮತಿಯೂ ಬೇಡ. 2017ರಲ್ಲಿ ಬಂದ ಜಿಯೊಫೋನ್ 512 ಎಂಬಿ ಮೆಮೊರಿಯ ಗುಂಡಿ ಫೋನು. ಅದರ ಕೈಓಎಸ್ ವ್ಯವಸ್ಥೆಯಲ್ಲಿ ಆ್ಯಪುಗಳೆಲ್ಲ ವೆಬ್ ತಂತ್ರಜ್ಞಾನದಲ್ಲೇ ಬರೆದವು. ಸ್ಮಾರ್ಟ್‌ಫೋನ್ ಕೊಳ್ಳಲಾಗದ ಮನೆಗಳಿಗೆ ಇಂಟರ್ನೆಟ್ ಹೊಕ್ಕದ್ದು ಈ ಬಾಗಿಲಿನಿಂದಲೂ ಹೌದು. ಹತ್ತಾರು ಜನರ ಸಣ್ಣ ಕಚೇರಿ ಎರಡೆರಡು ನೇಟಿವ್ ಆ್ಯಪ್ ಬರೆದು ಸಾಕಲಾರದು. ಹೀಗಾಗಿ ಚುರುಕುತನಕ್ಕೆ ಪಟ್ಟು ಹಿಡಿದರೆ ಕೆಲವರು ಹೊರಗೇ ಉಳಿದಾರು. ಎಲ್ಲರಿಗೂ ತಲುಪಿಸುವ ಉದ್ದೇಶದಿಂದ ಆದ ಹೆಚ್ಚಿನ ಖರ್ಚು ಅನರ್ಥವಲ್ಲ, ಅರ್ಥವುಳ್ಳದ್ದು. ಬರೆಯುವವರ ಒಂದು ವಾರ ಉಳಿಸಲಿಕ್ಕೆಂದೇ ಆದ ಖರ್ಚನ್ನು ಹಾಗೆನ್ನುವಂತಿಲ್ಲ, ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಂಡರೂ.

ಕತ್ತಲಗೆರೆಯ ಎರಡು ತಂತ್ರಾಂಶಗಳನ್ನು ಈಗ ಮತ್ತೆ ನೋಡಬಹುದು. ಪಹಣಿಗೆ ಜಾಲಪುಟವೇ ತಕ್ಕದ್ದು. ಅಪರೂಪದ ಕೆಲಸ, ನಾಲ್ಕು ಸಾಲಿನ ಮಾಹಿತಿ. ಅದಕ್ಕೊಂದು ಆ್ಯಪನ್ನು ಫೋನಿನಲ್ಲಿ ಕೂರಿಸಿಕೊಳ್ಳುವುದು ಕೂಡಿಹಾಕಿದಂತೆ. ಬೆಳೆ ಸಮೀಕ್ಷೆಗೆ ಕ್ಯಾಮೆರಾ, ಜಿಪಿಎಸ್ ಎರಡೂ ಬೇಕು, ನೆಟ್‌ವರ್ಕ್ ಸಿಗದ ಹೊಲದಲ್ಲೂ ನಡೆಯಬೇಕು. ಅಲ್ಲಿ ಆ್ಯಪಿನ ಇರವಿಗೆ ಅರ್ಥವಿದೆ. ಶೇ 8 ಚಾರ್ಜ್ ಉಳಿದ ಫೋನು ಹಿಡಿದು ಹೊಲದ ಮಧ್ಯೆ ಜಿಪಿಎಸ್‌ಗಾಗಿ ಕಾಯುವವರಿಗೆ ಒಂದೊಂದು ಜೂಲ್ ಕೂಡ ಯೂನಿಟ್ ದರದಲ್ಲಿ ಬೆಲೆಕಟ್ಟುವ ಸರಕಲ್ಲ. ಅಚ್ಚುಕಟ್ಟಿನ ಜನರಿಗೆ ಈ ಅಸಮತೆ ಹೊಸದಲ್ಲ. ನಾಲೆಯ ಮೇಲ್ಭಾಗದಲ್ಲಿ ಹೆಚ್ಚು ನೀರು ಹಾಯಿಸಿಕೊಂಡವರಿಗೆ ಅದು ಅಭ್ಯಾಸ, ಕೊನೆಭಾಗದ ಗದ್ದೆಗೆ ಅದೇ ಬರ. ತಂತ್ರಾಂಶ ಬರೆಯುವವರ ಕೈಯಲ್ಲಿ ಹೊಸ ಫೋನು, ಮೇಜಿನ ಮೇಲೆ ಚಾರ್ಜರು, ಗೋಡೆಯಲ್ಲಿ ವೈಫೈ, ಅವರಿರುವುದು ಮೇಲ್ಭಾಗದಲ್ಲಿ.

ಹಾಗಿದ್ದರೆ ದೋಷಿ ಯಾರು? ಬರೆದವರೇ, ಬರೆಯಲು ಹಿಡಿಯಷ್ಟು ಸಮಯ ಕೊಟ್ಟವರೇ, ಸಾವಿರಾರು ಜನ ಎತ್ತಿಕೊಂಡು ಬಳಸುವ ಭಾರದ ಫ್ರೇಮ್‌ವರ್ಕ್ ಕಟ್ಟಿದವರೇ, ತೆರೆದು ಬಳಸಿದವರೇ? ಆಧುನಿಕ ನೀತಿಶಾಸ್ತ್ರ ಇಂಥ ಹಂಚಿಹೋದ ಹೊಣೆಯ ಮುಂದೆ ತಡವರಿಸುತ್ತದೆ. ಜೈನ ಶಾಸ್ತ್ರ ಕರ್ಮವನ್ನು ಕೃತ, ಕಾರಿತ, ಅನುಮತ ಎಂದು ಮೂರು ನೆಲೆಗಳಲ್ಲಿ ಎಣಿಸುತ್ತದೆ. ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಹೂಂಗುಟ್ಟಿದ್ದು. ಮೂರಕ್ಕೂ ಕರ್ಮಬಂಧವಿದೆ, ಒಬ್ಬರ ಹೊಣೆಯಿಂದ ಇನ್ನೊಬ್ಬರದ್ದು ಕಡಿಮೆಯಾಗುವುದಿಲ್ಲ. ಬೇಡದ ಲೆಕ್ಕವನ್ನು ಮಾಡಿದ್ದು ಫೋನು. ಅದಕ್ಕೆ ಮನಸ್ಸಿಲ್ಲ, ಹಾಗಾಗಿ ಕರ್ಮವೂ ಇಲ್ಲ. ಮಾಡಿಸಿದವರು ಬರೆದವರು. ನಿಧಾನವೆಂದು ಗೊತ್ತಿದ್ದೂ ನಡೆಯುತ್ತದೆ ಬಿಡಿ ಎಂದು ಸಹಿ ಹಾಕಿದ ಕಚೇರಿ ಮೂರನೆಯ ನೆಲೆಯಲ್ಲಿ ನಿಲ್ಲುತ್ತದೆ. ಬಳಸಿದವರನ್ನು ಇಲ್ಲಿ ಸೇರಿಸುವುದು ಕಷ್ಟ, ಏಕೆಂದರೆ ಅನುಮತಿಗೆ ಅರಿವು ಬೇಕು.

ಆ ಅರಿವೇ ಅವರಿಗೆ ಸಿಗದಂತಿದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಪುಟ ತೆರೆದರೆ ಯಾವ ಆ್ಯಪ್ ಶೇಕಡಾ ಎಷ್ಟು ತಿಂದಿತು ಎಂಬ ಪಟ್ಟಿ ಸಿಗುತ್ತದೆ. ನೇಟಿವ್ ಆ್ಯಪಿನ ದುಂದು ಅಲ್ಲಿ ಅದರದೇ ಹೆಸರಿನಲ್ಲಿ ಬರೆದಿರುತ್ತದೆ, ಬೇಡವೆನಿಸಿದವರು ತೆಗೆದುಹಾಕಬಹುದು. ಜಾಲಪುಟಗಳ ಖರ್ಚೆಲ್ಲ ಬ್ರೌಸರಿನ ಒಂದೇ ಹೆಸರಿನಡಿ ಕೂಡಿಕೊಂಡಿರುತ್ತದೆ. ಪಹಣಿಯ ಪುಟ ಎಷ್ಟು ತಿಂದಿತು, ಅಡಿಕೆ ಧಾರಣೆಯ ಪುಟ ಎಷ್ಟು, ಅವುಗಳ ಬದಿಯಲ್ಲಿ ಕುಣಿಯುವ ಜಾಹೀರಾತು ಎಷ್ಟು ಎಂಬುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ.